ಆರ್ಡಿತ್ ಬರೆದು ಕಳಿಸಿದ ಕಾಬ್ಲರ್

ಇನ್‌ಮನ್, ದಕ್ಷಿಣ ಕ್ಯಾರೊಲೈನಾ
೧೪ ಜೂನ್ ೧೯೭೧

ಆರ್ಡಿತ್,

ನನ್ನ ಅಕ್ಷರ ಕಂಡು ಲಕೋಟೆ ಒಡೆಯದೆಯೇ ಕಸಕ್ಕೆ ಹಾಕಿದ್ದರೆ ಅದೂ ನ್ಯಾಯವೇ. ಒಡೆದಿದ್ದೀಯ ಎಂದುಕೊಂಡು ಬರೆಯುತ್ತೇನೆ.

ಜುಲೈ ತಿಂಗಳ ಮೂರನೆಯ ಭಾನುವಾರ ನಮ್ಮ ಚರ್ಚಿನ ಹೋಮ್‌ಕಮಿಂಗ್. ಊರು ಬಿಟ್ಟು ಹೋದವರೆಲ್ಲ ಬಂದು ಸೇರುತ್ತಾರೆ. ಓಕ್ ಮರದ ಕೆಳಗೆ ಉದ್ದ ಮೇಜು ಹಾಕುತ್ತಾರೆ, ಅದರ ತುದಿಯಲ್ಲಿ ಲೂಡಿಯ ಪೀಚ್ ಕಾಬ್ಲರ್, ಹಣ್ಣಿನ ಮೇಲೆ ಮೆತ್ತನೆಯ ಬಿಸ್ಕತ್ತಿನ ಹೊದಿಕೆ ಹಾಕಿ ಬೇಯಿಸಿದ ಆ ಸಿಹಿ, ಇರುತ್ತಿತ್ತು. ನಿನ್ನಕ್ಕನ ಜಾಗ ಎಂದರೆ ಆ ತುದಿಯೇ. ಮೊನ್ನೆ ಪಕ್ಕದ ಮನೆಯ ಮಿಸ್ ಝೆಲ್ಲಾ ಬೇಲಿಯ ಹತ್ತಿರ ನಿಂತು, "ಈ ಸಲ ಆ ಜಾಗಕ್ಕೆ ನಾನು ಬಾಳೆಹಣ್ಣಿನ ಪುಡಿಂಗ್ ಇಟ್ಬಿಡ್ತೀನಿ ಹಾಯ್ಟ್, ಖಾಲಿ ಬಿಟ್ರೆ ಚೆನ್ನಾಗಿರಲ್ಲ" ಅಂದರು. "ಬೇಡ, ಕಾಬ್ಲರ್ ನಾನೇ ತರ್ತೀನಿ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮಗೆ ಮೊಟ್ಟೆ ಬೇಯಿಸೋಕೂ ಬರಲ್ವಲ್ಲ!"

ನಿಜ. ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡಿ ಸವೆದ ಕೈ ಇದು. ಆದರೆ ಎಷ್ಟು ಬಿಗಿಯಬೇಕೆಂದು ಯಾರಾದರೂ ಹೇಳಿದರೆ ಅಷ್ಟೇ ಬಿಗಿಯುತ್ತದೆ, ಒಂದು ಎಳೆ ಹೆಚ್ಚಿಲ್ಲ. ಮನೆಯೆಲ್ಲ ಹುಡುಕಿದೆ, ಲೂಡಿ ಏನನ್ನೂ ಬರೆದಿಟ್ಟಿಲ್ಲ. ಹಿಟ್ಟಿನ ಹದ ಕೇಳಿದರೆ ನನ್ನ ಕಿವಿಯ ಹಾಲೆ ಹಿಡಿದು "ಹಿಂಗೆ" ಅನ್ನುತ್ತಿದ್ದಳು, ಅಷ್ಟೇ. ನಿಮ್ಮಮ್ಮ ಇಬ್ಬರಿಗೂ ಒಟ್ಟಿಗೆ ಕಲಿಸಿದ್ದು ನನಗೆ ಗೊತ್ತು. ಬರೆದು ಕಳಿಸುತ್ತೀಯಾ?

ಫೋನ್ ಮಾಡಬಹುದಿತ್ತು. ಮಾಡಬೇಕಾದಾಗ ಮಾಡದವನು ಹಣ್ಣಿನ ವಿಷಯಕ್ಕೆ ಯಾವ ಮುಖ ಇಟ್ಟುಕೊಂಡು ಮಾಡಲಿ. ವರ್ನನ್‌ಗೆ ನನ್ನ ನೆನಪು ಹೇಳು.

ಹಾಯ್ಟ್ ಗಾಸ್ನೆಲ್


ಆಕ್ರನ್, ಒಹಾಯೊ
೨೯ ಜೂನ್ ೧೯೭೧

ಹಾಯ್ಟ್ ಅವರಿಗೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಬಾರದೆಂದೇ ಇದ್ದೆ. ವರ್ನನ್ ಬಿಡಲಿಲ್ಲ. "ಪಾಪ ಕಣೇ, ಹೆಂಡ್ತಿ ಸತ್ತಿರೋನು" ಅಂದರು. ನನಗೆ ಅಕ್ಕ ಸತ್ತಿರುವುದು ಯಾರ ಲೆಕ್ಕಕ್ಕೂ ಇಲ್ಲ.

ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಅವಳನ್ನು ಮಣ್ಣು ಮಾಡಿದ ದಿನ ಮಿಸ್ ಝೆಲ್ಲಾ ನನ್ನ ಕೈ ಹಿಡಿದುಕೊಂಡು, "ನೀನು ಬರ್ತೀಯ ಅಂತ ಕೊನೇ ವಾರವೆಲ್ಲ ಕಿಟಕಿ ಕಡೆಗೇ ತಿರುಗಿ ಮಲಗಿದ್ಲು. ಫೋನ್ ಮಾಡಿದೀನಿ, ಹೊರಟಿದಾಳೆ ಅಂತ ಹಾಯ್ಟ್ ಹೇಳ್ತಾನೇ ಇದ್ರು" ಅಂದರು. ನನಗೆ ಯಾವ ಫೋನೂ ಬರಲಿಲ್ಲ. ನಮ್ಮ ಮನೆಯ ಫೋನು ಅಡುಗೆಮನೆಯ ಗೋಡೆಯ ಮೇಲಿದೆ. ಆ ವಾರವೆಲ್ಲ ನಾನು ಅದರ ಕೆಳಗೇ ನಿಂತು ಪಾತ್ರೆ ತೊಳೆದೆ. ಅದು ಸದ್ದು ಮಾಡಿದ್ದು ಎಲ್ಲ ಮುಗಿದ ಮೇಲೆ.

ಇನ್ನು ನೀವು ಕೇಳಿದ್ದು. ಮಾಗಿದ ಹಣ್ಣಿನ ಸಿಪ್ಪೆ ಸುಲಿದು ಹೋಳು ಮಾಡಿ. ಸಕ್ಕರೆ, ಚಿಟಿಕೆ ಉಪ್ಪು, ಸ್ವಲ್ಪ ನಿಂಬೆರಸ ಬೆರೆಸಿ ರಸ ಬಿಡುವವರೆಗೆ ಇಡಿ. ಕಬ್ಬಿಣದ ಬಾಣಲೆಯಲ್ಲಿ ಬೆಣ್ಣೆ ಕರಗಿಸಿ ಹಣ್ಣು ಸುರಿಯಿರಿ. ಮೇಲಿನ ಬಿಸ್ಕತ್ತಿನ ಹೊದಿಕೆಗೆ ಲೂಡಿಯ ಡಬ್ಬಿಯಲ್ಲಿರುವ ಸಾದಾ ಮೈದಾ ಮೂರು ಬಟ್ಟಲು, ಮೊಟ್ಟೆ ಗಾತ್ರದ ಹಂದಿಕೊಬ್ಬು, ಉಪ್ಪು, ಮಜ್ಜಿಗೆ. ಬೇರೆ ಏನೂ ಬೇಡ. ಕಲಸಿ ಚೆನ್ನಾಗಿ ನಾದಬೇಕು. ರಟ್ಟೆ ಸೋಲುವವರೆಗೆ ನಾದಿ, ನಾದಿದಷ್ಟೂ ಮೆತ್ತಗಾಗುತ್ತದೆ. ಲಟ್ಟಿಸಿ ಹಣ್ಣಿನ ಮೇಲೆ ಮುಚ್ಚಿ, ಕಾದ ಓವನ್ನಿನಲ್ಲಿ ಕೆಂಪಗಾಗುವವರೆಗೆ ಬೇಯಿಸಿ.

ಅಮ್ಮ ಮಾಡುತ್ತಿದ್ದದ್ದು ಇಷ್ಟೇ.

ಆರ್ಡಿತ್ ಕೆಸ್ಲರ್


ಇನ್‌ಮನ್
೨೦ ಜುಲೈ ೧೯೭೧

ಆರ್ಡಿತ್,

ಹೋಮ್‌ಕಮಿಂಗ್ ಆಯಿತು. ನೀನು ಅಷ್ಟು ಶ್ರಮಪಟ್ಟು ಬರೆದು ಕಳಿಸಿದ್ದಕ್ಕೆ ಏನಾಯಿತೆಂದು ತಿಳಿಸುವುದು ನನ್ನ ಧರ್ಮ.

ಬೆಳಿಗ್ಗೆಯೇ ಎದ್ದು ಹಿತ್ತಲ ಗಿಡದ ಹಣ್ಣು ಕಿತ್ತೆ. ನೀನು ಬರೆದಂತೆಯೇ ಎಲ್ಲ ಮಾಡಿದೆ. ನಾದಿದೆ, ರಟ್ಟೆ ಸೋತ ಮೇಲೂ ಇನ್ನಷ್ಟು ನಾದಿದೆ. ನೋಡುವುದಕ್ಕೆ ಕೆಂಪಗೆ ಚೆನ್ನಾಗಿಯೇ ಬಂದಿತ್ತು. ಲೂಡಿಯ ಬಿಳಿ ಟವೆಲ್ ಸುತ್ತಿ ಮೇಜಿನ ತುದಿಗಿಟ್ಟೆ. ಆ ಬಾಣಲೆ ಕಂಡು ಹೆಂಗಸರು ಕೆಲವರು ಕಣ್ಣೊರೆಸಿಕೊಂಡರು. ಪಾದ್ರಿ ಬ್ರದರ್ ಪ್ರೂಯಿಟ್ ಪ್ರಾರ್ಥನೆಯಲ್ಲಿ ಅವಳ ಹೆಸರು ಹೇಳಿದರು.

ಆಮೇಲೆ ಕ್ಲೈಡ್ ಪ್ಯಾಕ್ ಚಮಚ ಹಾಕಿದ. ಚಮಚ ಬಗ್ಗಿತು. ಚಾಕು ತಂದ. ಅದೂ ಜಾರಿತು. ಅವನು ಬಾಣಲೆಯ ಮೇಲೆ ಬೆರಳಿನಿಂದ ಬಾಗಿಲು ತಟ್ಟಿದ ಹಾಗೆ ತಟ್ಟಿ, "ಒಳಗೆ ಯಾರಾದ್ರೂ ಇದೀರಾ?" ಅಂದ. ಎಲ್ಲ ನಕ್ಕರು. "ಹಾಯ್ಟ್, ಚರ್ಚಿನ ಮಾಡು ಸೋರ್ತಾ ಇದೆ, ಇಂಥವು ಇನ್ನೊಂದು ನಾಲ್ಕು ಮಾಡ್ಕೊಡಿ" ಅಂದ. ನಾನೂ ನಕ್ಕೆ. ಕ್ಲೈಡ್ ಕೆಟ್ಟವನಲ್ಲ, ಎಂದಿನಂತೆ ಅವನ ಬಾಯಿ. ಕೊನೆಗೆ ಮಿಸ್ ಝೆಲ್ಲಾ ಕೈಯಲ್ಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು, ಬಹಳ ಹೊತ್ತು ಅಗಿದರು. ಮಿಕ್ಕವರು ಅಡಿಯಲ್ಲಿದ್ದ ಹಣ್ಣನ್ನು ಮಾತ್ರ ಕೆರೆದು ತಿಂದರು.

ತಪ್ಪು ನನ್ನ ಕೈಯದೇ ಇರಬೇಕು. ಹಣ್ಣು ಇನ್ನೂ ಇದೆ, ಬಿಡುವುದಿಲ್ಲ. ಮತ್ತೆ ಮಾಡಿ ನೋಡುತ್ತೇನೆ, ನೀನು ಬರೆದ ಹಾಗೆಯೇ.

ಹಾಯ್ಟ್


ಆಕ್ರನ್
೨ ಆಗಸ್ಟ್ ೧೯೭೧

ಹಾಯ್ಟ್ ಅವರಿಗೆ,

ಕಾಗದ ತಲುಪಿತು. ನನ್ನ ಮಾತು ಕೇಳಿ, ಮತ್ತೆ ಮಾಡಲು ಹೋಗಬೇಡಿ. ಈ ವಯಸ್ಸಿನಲ್ಲಿ ಒಲೆ ಹಚ್ಚಿಕೊಂಡು ಸೆಕೆಯಲ್ಲಿ ನಿಲ್ಲುವುದು ಬೇಡ. ಹಣ್ಣನ್ನು ಹಾಗೆಯೇ ಕೆನೆ ಹಾಕಿಕೊಂಡು ತಿನ್ನಿ, ಇಲ್ಲವೇ ಮಿಸ್ ಝೆಲ್ಲಾಗೆ ಕೊಡಿ. ಜನ ಮರೆಯುತ್ತಾರೆ.

ಕ್ಲೈಡ್ ಪ್ಯಾಕ್ ಚಿಕ್ಕಂದಿನಲ್ಲೂ ಹಾಗೆಯೇ ಇದ್ದ. ಅವನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇಲ್ಲಿ ಟೈರ್ ಕಾರ್ಖಾನೆಯಲ್ಲಿ ವರ್ನನ್‌ಗೆ ಪಾಳಿ ಬದಲಾಗಿದೆ. ಬೇರೆ ವಿಶೇಷವಿಲ್ಲ.

ಆರ್ಡಿತ್


ಇನ್‌ಮನ್
೧೧ ಆಗಸ್ಟ್ ೧೯೭೧

ಆರ್ಡಿತ್,

ನೀನು ಬೇಡ ಎಂದು ಬರೆದದ್ದು ಬರುವಷ್ಟರಲ್ಲಿ ಮತ್ತೆ ಮತ್ತೆ ಮಾಡಿ ಆಗಿತ್ತು. ಒಂದು ಸಲ ಕೊಬ್ಬು ಕಡಿಮೆಯಾಯಿತೇನೋ ಎಂದುಕೊಂಡೆ, ಇನ್ನೊಂದು ಸಲ ನಾದಿದ್ದು ಸಾಲಲಿಲ್ಲವೇನೋ ಎಂದುಕೊಂಡು ಮೇಜೇ ಅಲುಗಾಡುವ ಹಾಗೆ ನಾದಿದೆ. ಪ್ರತಿ ಸಲವೂ ಅದೇ ಹಲಗೆ. ಹಂದಿ ಸಾಕಿರುವ ಪಕ್ಕದ ಓಣಿಯವರಿಗೆ ಕೊಟ್ಟೆ. ಮೊದಲ ದಿನ ಹಂದಿ ತಿಂದವಂತೆ.

ಕಳೆದ ವಾರ ಓವನ್ನಿನ ಬಾಗಿಲಿಗೆ ಮಣಿಕಟ್ಟು ತಗುಲಿ ಸುಟ್ಟಿತು. ಕೂಗಿಕೊಂಡೆ ಅನ್ನಿಸುತ್ತದೆ, ಮಿಸ್ ಝೆಲ್ಲಾ ಓಡಿ ಬಂದರು. ಕೈಗೆ ಬೆಣ್ಣೆ ಹಚ್ಚುತ್ತ ಮೇಜಿನ ಮೇಲಿದ್ದ ನಿನ್ನ ಕಾಗದದ ಕಡೆ ನೋಡಿದರು.

"ಅದೇನಾ ಆರ್ಡಿತ್ ಬರ್ದಿರೋದು? ಕೊಡಿ ಇಲ್ಲಿ."

"ಮನೆ ವಿಷಯಾನೂ ಬರ್ದಿದಾಳೆ, ಬೇಡ" ಎಂದು ಮಡಿಸಿ ಜೇಬಿಗಿಟ್ಟುಕೊಂಡೆ.

"ಹೂಂ" ಅಂದರು. ಅವರ ಆ ಒಂದು ಹೂಂ ನಿನಗೂ ಗೊತ್ತಿರಬೇಕು.

ಈಗ ನಿಲ್ಲಿಸಿದ್ದೇನೆ. ಬಾಣಲೆಯನ್ನು ಮಿಸ್ ಝೆಲ್ಲಾಗೆ ಕೊಟ್ಟುಬಿಟ್ಟೆ, ಲೂಡಿಯ ಏಪ್ರನ್ನೂ. ಮುಂದಿನ ವರ್ಷದಿಂದ ಮೇಜಿನ ತುದಿಯೂ ಅವರದೇ, ಬಾಳೆಹಣ್ಣಿನ ಪುಡಿಂಗೇ ಇರಲಿ. ಭಾನುವಾರ ಸಮಾಧಿಯ ಹತ್ತಿರ ಹೋಗಿ ಲೂಡಿಗೂ ಹೇಳಿ ಬಂದೆ, ನನ್ನ ಕೈಲಾಗಲಿಲ್ಲ ಕಣೇ ಅಂತ.

ನಿನಗೆ ತೊಂದರೆ ಕೊಟ್ಟೆ. ಇನ್ನು ಬರೆಯುವುದಿಲ್ಲ.

ಹಾಯ್ಟ್


ಆಕ್ರನ್
೧೯ ಆಗಸ್ಟ್ ೧೯೭೧

ಹಾಯ್ಟ್,

ನಾನು ಬರೆದದ್ದು ಸುಳ್ಳು.

ಮೂರು ದಿನದಿಂದ ಇದೇ ಸಾಲು ಬರೆದು ಹರಿದು ಹಾಕುತ್ತಿದ್ದೇನೆ. ಇದಕ್ಕಿಂತ ಚೆನ್ನಾಗಿ ಹೇಳುವ ದಾರಿ ಸಿಗಲಿಲ್ಲ. ಬಿಸ್ಕತ್ತಿನ ಹಿಟ್ಟಿಗೆ ಬೇಕಿಂಗ್ ಪೌಡರ್ ಬೇಕು. ನಾನು ಬೇಕೆಂದೇ ಬಿಟ್ಟೆ. ಆ ಹಿಟ್ಟನ್ನು ನಾದಲೇಬಾರದು, ಕೊಬ್ಬು ತಣ್ಣಗಿರಬೇಕು, ಬೆರಳ ತುದಿಯಲ್ಲಿ ಉದುರುದುರಾಗಿ ಬೆರೆಸಿ, ಮಜ್ಜಿಗೆ ಹಾಕಿ, ಒಟ್ಟಾಗುತ್ತಿದ್ದ ಹಾಗೆಯೇ ಕೈ ತೆಗೆಯಬೇಕು. ಅಮ್ಮ ನಮ್ಮಿಬ್ಬರಿಗೂ ಮೊದಲು ಕಲಿಸಿದ್ದೇ ಅದು. ಲೂಡಿ ಜಾಸ್ತಿ ಹೊತ್ತು ಕೈಯಾಡಿಸಿದರೆ ಅಮ್ಮ ಅವಳ ಬೆರಳ ಮೇಲೆ ಚಮಚದಲ್ಲಿ ಹೊಡೆಯುತ್ತಿದ್ದಳು. ನಿಮಗೆ ನಾನು ರಟ್ಟೆ ಸೋಲುವವರೆಗೆ ನಾದಿ ಎಂದು ಬರೆದೆ.

ಬರೆಯುವಾಗ ನನಗೆ ಖುಷಿಯಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ. ಅಷ್ಟು ಜನರ ಮುಂದೆ ನೀವು ಪೆಚ್ಚಾಗಿ ನಿಲ್ಲುವುದನ್ನು ಮನಸ್ಸಿನಲ್ಲೇ ನೋಡಿಕೊಂಡು ಲಕೋಟೆ ಅಂಟಿಸಿದೆ. ನಿಮ್ಮ ಜುಲೈ ಕಾಗದ ಬಂದಾಗ ಕ್ಲೈಡ್ ಬಾಗಿಲು ತಟ್ಟಿದ ಹಾಗೆ ತಟ್ಟಿದ ಎಂಬಲ್ಲಿಗೆ ನಗು ಬಂತು. ಕೊನೆಯಲ್ಲಿ "ತಪ್ಪು ನನ್ನ ಕೈಯದೇ ಇರಬೇಕು" ಎಂದು ನೀವು ಬರೆದಲ್ಲಿಗೆ ಬಂದಾಗ ಕಾಗದ ಮಡಿಸಿಟ್ಟೆ. ಆಗಲೇ ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಸೆಕೆ, ವಯಸ್ಸು ಎಂದು ಏನೇನೋ ಬರೆದು ಕಳಿಸಿದೆ. ನೀವು ಅಷ್ಟರಲ್ಲಿ ಕೈ ಸುಟ್ಟುಕೊಂಡಿರಿ.

ಸೋಮವಾರ ಅಂಗಡಿಯಿಂದ ಪೀಚ್ ತಂದು ಸರಿಯಾದ ರೀತಿಯಲ್ಲಿ ಮಾಡಿದೆ. ಬಿಸ್ಕತ್ತು ಉಬ್ಬಿ, ಬಿರಿದು, ಹಣ್ಣಿನ ರಸ ಮೇಲಕ್ಕೆ ಉಕ್ಕಿತ್ತು. ವರ್ನನ್ ಎರಡು ಸಲ ಹಾಕಿಸಿಕೊಂಡು, "ಇಷ್ಟು ಚೆನ್ನಾಗಿ ಮಾಡ್ತೀಯ, ಮತ್ತೆ ಯಾಕೆ ಅಳ್ತಿದೀಯ?" ಅಂದರು. ಎಲ್ಲ ಹೇಳಿದೆ. ಅವರು ಚಮಚ ಕೆಳಗಿಟ್ಟು ತಟ್ಟೆ ಪಕ್ಕಕ್ಕೆ ಸರಿಸಿದರು. ಬೈದಿದ್ದರೆ ವಾಸಿಯಿತ್ತು.

ನೀವು ನನ್ನಕ್ಕನಿಂದ ನನ್ನನ್ನು ದೂರ ಇಟ್ಟದ್ದು ತಪ್ಪೇ. ಅದು ಈಗಲೂ ತಪ್ಪೇ. ಆದರೆ ನಾನು ಸೇಡು ತೀರಿಸಿಕೊಂಡದ್ದು ಅವಳ ಬಾಣಲೆಯಲ್ಲಿ, ಅವಳ ಜಾಗದಲ್ಲಿ, ಅವಳ ಹೆಸರು ಹೇಳಿ ಪ್ರಾರ್ಥನೆ ಮಾಡಿದ ಮೇಜಿನ ಮೇಲೆ. ಅದು ಹೊಳೆಯಲೇ ಇಲ್ಲ ನನಗೆ.

ಬಾಣಲೆ ವಾಪಸು ಇಸಿದುಕೊಳ್ಳಿ. ನನಗೆ ಉತ್ತರ ಬರೆಯದಿದ್ದರೂ ಸರಿ.

ಆರ್ಡಿತ್


ಇನ್‌ಮನ್
೨೮ ಆಗಸ್ಟ್ ೧೯೭೧

ಆರ್ಡಿತ್,

ಗೊತ್ತಿತ್ತು.

ಹೋಮ್‌ಕಮಿಂಗ್ ದಿನವೇ ಗೊತ್ತಾಯಿತು. ಮಿಸ್ ಝೆಲ್ಲಾ ಚೂರು ಮುರಿದು ಅಗಿದರು ಎಂದು ಬರೆದಿದ್ದೆನಲ್ಲ, ಅಗಿದಾದ ಮೇಲೆ ನನ್ನನ್ನು ಓಕ್ ಮರದ ಆಚೆಗೆ ಕರೆದುಕೊಂಡು ಹೋಗಿ, "ಇದಕ್ಕೆ ಪೌಡರ್ ಹಾಕೇ ಇಲ್ಲ ಹಾಯ್ಟ್. ಮೇಲಿಂದ ಕತ್ತೆ ಥರ ನಾದಿದೀರ. ಹಿಂಗೆ ಮಾಡಿ ಅಂತ ಹೇಳ್ಕೊಟ್ಟಿದ್ದು ಯಾರು?" ಅಂದರು. "ಯಾರೂ ಇಲ್ಲ, ನಾನೇ ಮರೆತೆ" ಅಂದೆ. ಅವರು ನಂಬಲಿಲ್ಲ.

ಮನೆಗೆ ಬಂದು ನಿನ್ನ ಕಾಗದ ಮತ್ತೆ ಓದಿದೆ. "ಬೇರೆ ಏನೂ ಬೇಡ" ಎಂದು ನೀನು ಬರೆದಿದ್ದೆ. ಮರೆತವರು ಹಾಗೆ ಬರೆಯುವುದಿಲ್ಲ.

ಆದರೂ ಯಾಕೆ ಮಾಡುತ್ತ ಹೋದೆ ಎಂದು ನೀನು ಕೇಳುತ್ತೀಯ. ಹೇಳುವುದು ಕಷ್ಟ. ಫೆಬ್ರುವರಿಯ ಆ ವಾರ ಲೂಡಿ ದಿನವೂ "ಆರ್ಡಿತ್ ಎಲ್ಲಿಗೆ ಬಂದ್ಲು?" ಎಂದು ಕೇಳುತ್ತಿದ್ದಳು. ನಾನು ಒಂದೊಂದು ಜಾಗದ ಹೆಸರು ಹೇಳುತ್ತಿದ್ದೆ. ಇವತ್ತು ಕೆಂಟಕಿ ದಾಟಿದಾಳೆ, ಬೆಟ್ಟದಲ್ಲಿ ಹಿಮ ಬಿದ್ದಿದೆಯಂತೆ, ಬಸ್ಸು ನಿಂತಿದೆ. ಫೋನಿನ ಹತ್ತಿರ ಹೋಗುತ್ತಿದ್ದೆ, ನಂಬರು ತಿರುಗಿಸಲು ಬೆರಳು ಇಡುತ್ತಿದ್ದೆ. ನಿನಗೆ ಬಾ ಎಂದರೆ ಅವಳು ಸಾಯುತ್ತಾಳೆ ಎಂದು ಒಪ್ಪಿಕೊಂಡ ಹಾಗೆ ಅನ್ನಿಸುತ್ತಿತ್ತು. ಬೆರಳು ತೆಗೆದುಬಿಡುತ್ತಿದ್ದೆ. ಹೋಗುವ ದಿನ ಅವಳು ಕೇಳಲಿಲ್ಲ. ನಾನು ಹೇಳುತ್ತಿರುವುದು ಸುಳ್ಳು ಎಂದು ಅವಳಿಗೆ ತಿಳಿದಿತ್ತು ಅಂತಲೇ ನನ್ನ ಅನುಮಾನ.

ಅದಕ್ಕೆ ನೀನು ಕೊಟ್ಟ ಶಿಕ್ಷೆ ಇದು ಎಂದುಕೊಂಡೆ. ಸಣ್ಣದೇ ಆಯಿತು ಅನ್ನಿಸಿತು. ಆದ್ದರಿಂದ ಮಾಡಿದೆ, ತಿಂದೆ, ಹಲ್ಲು ನೋಯುವವರೆಗೆ ತಿಂದೆ.

ನನಗೆ ಸಿಟ್ಟೇ ಬರಲಿಲ್ಲ ಎಂದು ತಿಳಿಯಬೇಡ. ಕ್ಲೈಡ್‌ನ ಹೊಸ ಸೊಸೆ, ಲೂಡಿಯನ್ನು ನೋಡಿಯೇ ಇಲ್ಲದ ಹುಡುಗಿ, ಗಂಡನ ಕಿವಿಯಲ್ಲಿ "ಇದೇನಾ ನೀವೆಲ್ಲ ಹೊಗಳ್ತಿದ್ದಿದ್ದು?" ಅಂದದ್ದು ನನಗೆ ಕೇಳಿಸಿತು. ಆವತ್ತು ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂತು. ಇನ್ನೂ ಸ್ವಲ್ಪ ಇದೆ.

ಕೊನೆಯ ಗಿಡದಲ್ಲಿ ಹಣ್ಣು ಉಳಿದಿದೆ. ಸೆಪ್ಟೆಂಬರ್ ಎಂಟರ ಬುಧವಾರ ಸಂಜೆ ಚರ್ಚಿನಲ್ಲಿ ಊಟವಿದೆ. ಬಾ, ಆರ್ಡಿತ್. ನಿನ್ನನ್ನು ಕರೆಯಬೇಕಾಗಿದ್ದು ಫೆಬ್ರುವರಿಯಲ್ಲಿ. ಈಗ ಕರೆಯುತ್ತಿದ್ದೇನೆ.

ಹಾಯ್ಟ್


ಇನ್‌ಮನ್
೯ ಸೆಪ್ಟೆಂಬರ್ ೧೯೭೧

ಪ್ರೀತಿಯ ವರ್ನನ್,

ಸುಖವಾಗಿ ತಲುಪಿದೆ. ಫೋನಿನಲ್ಲಿ ಅಷ್ಟೇ ಹೇಳಿ ಇಟ್ಟುಬಿಟ್ಟೆ ಎಂದು ಬೇಸರ ಮಾಡಿಕೊಳ್ಳಬೇಡಿ. ಹಾಯ್ಟ್ ಪಕ್ಕದಲ್ಲೇ ನಿಂತಿದ್ದರು.

ಬಸ್ ಸ್ಟ್ಯಾಂಡಿಗೆ ಅವರೇ ಬಂದಿದ್ದರು. ಬಹಳ ಇಳಿದುಹೋಗಿದ್ದಾರೆ, ಶರ್ಟಿನ ಕಾಲರಿನೊಳಗೆ ಕತ್ತು ಸಣ್ಣಗೆ ಕಾಣುತ್ತದೆ. "ಬಸ್ಸಲ್ಲಿ ಏನಾದ್ರೂ ತಿಂದ್ಯಾ?" ಅಂದರು. "ತಿಂದೆ" ಅಂದೆ.

ನಿನ್ನೆ ಮಧ್ಯಾಹ್ನ ಇಬ್ಬರೂ ಅಡುಗೆಮನೆಯಲ್ಲಿ ನಿಂತೆವು. ಮಿಸ್ ಝೆಲ್ಲಾ ಬಾಣಲೆ ತಂದುಕೊಟ್ಟು, ನನ್ನ ಕಡೆ ನೋಡದೆ ಹೋದರು. ಹಿಟ್ಟು ಬೆರೆಸುವುದನ್ನು ಹಾಯ್ಟ್‌ಗೆ ಬಿಟ್ಟೆ. ಮಜ್ಜಿಗೆ ಹಾಕಿದ ಮೇಲೆ "ಸಾಕು, ಕೈ ತೆಗೀರಿ" ಅಂದೆ. ಅವರು ತೆಗೆಯಲಿಲ್ಲ, ಅಭ್ಯಾಸ ಬಲದಿಂದ ನಾದಲು ಶುರುಮಾಡಿದರು. ನಾನು ಅವರ ಮಣಿಕಟ್ಟು ಹಿಡಿದೆ. ಅಲ್ಲಿ ಸುಟ್ಟ ಗಾಯದ ಕಲೆ ಇನ್ನೂ ಗುಲಾಬಿ ಬಣ್ಣಕ್ಕಿದೆ. ಕೈಬಿಟ್ಟೆ. "ಇಷ್ಟು ಬೇಗ ಮುಗೀತಾ?" ಅಂದರು. "ಇಷ್ಟೇ" ಅಂದೆ. ಅವರು ಬಟ್ಟಲಿನ ಅಂಚಿಗೆ ಬೆರಳು ಒರೆಸಿಕೊಳ್ಳುತ್ತ ಬಹಳ ಹೊತ್ತು ಆ ಹಿಟ್ಟನ್ನೇ ನೋಡುತ್ತಿದ್ದರು.

ಚರ್ಚಿನಲ್ಲಿ ಎಲ್ಲರೂ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದಾಗ ನಾನು ಬಾಣಲೆಯ ಪಕ್ಕ ನಿಂತು ಹೇಳಿದೆ. ಬಸ್ಸಿನಲ್ಲಿ ಏನೇನೋ ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. "ಜುಲೈನಲ್ಲಿ ನೀವು ತಿಂದಿದ್ದು ಹಾಯ್ಟ್ ತಪ್ಪಿಂದ ಆಗಿದ್ದಲ್ಲ. ನಾನೇ ಬೇಕಂತ ತಪ್ಪು ಬರ್ದು ಕಳ್ಸಿದ್ದೆ. ಅದು ಲೂಡಿ ಕಾಬ್ಲರ್ ಅಂತ ಯಾರೂ ನೆನಪಿಟ್ಕೋಬೇಡಿ" ಅಂದೆ.

ಲೂಡಿಯ ಜೊತೆ ಕ್ವಾಯರಿನಲ್ಲಿ ಹಾಡುತ್ತಿದ್ದ ಐವಾ ತನ್ನ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಆಮೇಲೆ ಒಳಗೆ ಬರಲಿಲ್ಲ. ಅವಳ ಮನೆಗೆ ಹೋಗಿ ಬರಬೇಕು, ಬಾಗಿಲು ತೆಗೆಯುತ್ತಾಳೋ ಇಲ್ಲವೋ. ಕ್ಲೈಡ್ ಪ್ಯಾಕ್ ತನ್ನ ಬೂಟು ನೋಡುತ್ತ, "ನಾನೂ ಸ್ವಲ್ಪ ಜಾಸ್ತಿ ಬಾಯಿ ಮಾಡ್ದೆ ಹಾಯ್ಟ್" ಅಂದ. ಮಿಸ್ ಝೆಲ್ಲಾ ಕೊನೆಗೆ ನನ್ನ ಕಡೆ ತಿರುಗಿದರು. "ನನಗೆ ಮೊದಲ ತುತ್ತಿಗೇ ಗೊತ್ತಾಗಿತ್ತು ಕಣಮ್ಮ. ನಿಮ್ಮಮ್ಮ ಇದ್ದಿದ್ರೆ ಚಮಚ ಮುರಿಯೋವರ್ಗೂ ಹೊಡೀತಿದ್ಲು. ಬಡಿಸು, ಆರೋಗ್ತಿದೆ."

ಬಡಿಸಿದೆ. ಹುಡುಗರು ಬಾಣಲೆ ಕೆರೆದರು. ಕ್ಲೈಡ್‌ನ ಸೊಸೆ ಎರಡನೆಯ ಸಲ ಬಂದು ನಾಚಿಕೊಂಡು ತಟ್ಟೆ ಒಡ್ಡಿದಳು.

ವರ್ನನ್, ನಾನು ನಿಮಗೆ ಬರೆಯಬೇಕೆಂದು ಕೂತದ್ದು ಇದಕ್ಕಲ್ಲ, ಮುಂದಿನದಕ್ಕೆ.

ಹಾಯ್ಟ್ ಎಲ್ಲರದೂ ಆದ ಮೇಲೆ ಒಂದು ಮೂಲೆಯಲ್ಲಿ ಕೂತು ತಿಂದರು. ನಾನು ಎದುರು ಕೂತೆ. ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ನಾನು ನೋಡುತ್ತಿದ್ದೆ. ಕಣ್ಣು ತೆಗೆದಾಗ ಅವರ ಮುಖ ನೋಡಲು ಆಗಲಿಲ್ಲ.

"ತುಂಬಾ ಚೆನ್ನಾಗಿದೆ ಆರ್ಡಿತ್" ಅಂದರು. "ಆದ್ರೆ ಇದು ಅವಳದ್ದಲ್ಲ."

"ಅಮ್ಮ ಹೇಳ್ಕೊಟ್ಟಿದ್ದೇ ಇದು. ಒಂದು ಚೂರೂ ಬಿಟ್ಟಿಲ್ಲ, ದೇವರಾಣೆ" ಅಂದೆ. ನನ್ನನ್ನು ಮತ್ತೆ ಸಂಶಯಿಸುತ್ತಿದ್ದಾರೆ ಎಂದುಕೊಂಡೆ.

"ನಿನ್ನ ಮಾತು ನಂಬ್ತೀನಿ. ಇದು ನಿಮ್ಮಮ್ಮಂದು. ಲೂಡಿ ಆಮೇಲೆ ಏನೋ ಮಾಡ್ತಿದ್ಲು. ನಿಂಬೆರಸ ಹಾಕ್ತಿರಲಿಲ್ಲ ಅನ್ಸತ್ತೆ. ನುಂಗಿದ್ಮೇಲೆ ಒಂದು ಘಮ ಬರೋದು. ಇಷ್ಟು ವರ್ಷ ತಿಂದೆ, ಏನು ಹಾಕ್ತೀಯ ಅಂತ ಒಂದು ದಿನ ಕೇಳ್ಲಿಲ್ಲ."

ನಾನೂ ಕೇಳಿಲ್ಲ. ಆಕ್ರನ್‌ಗೆ ಬಂದ ಮೇಲೆ ಅವಳ ಕೈಯ ಕಾಬ್ಲರ್ ತಿಂದದ್ದೇ ಅಪರೂಪ. ತಿಂದಾಗಲೂ ಇದು ನಮ್ಮಮ್ಮನದೇ, ನನಗೆ ಗೊತ್ತಿರುವುದೇ ಎಂದು ತಿಂದೆ. ಜೂನ್‌ನಲ್ಲಿ ಆ ಕಾಗದ ಬರೆಯುವಾಗ ಅಕ್ಕನದೊಂದು ವಸ್ತು ನನ್ನ ಮುಷ್ಟಿಯಲ್ಲಿದೆ, ಇವರಿಗೆ ಸಿಗದ ಹಾಗೆ ಹಿಡಿದಿದ್ದೇನೆ ಎಂದುಕೊಂಡಿದ್ದೆ. ಮುಷ್ಟಿಯಲ್ಲಿ ಏನೂ ಇರಲಿಲ್ಲ. ಅವಳು ಅದನ್ನು ತೆಗೆದುಕೊಂಡೇ ಹೋಗಿದ್ದಳು.

ನಾನು ಅತ್ತೆ. ಹಾಯ್ಟ್ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ನಿಧಾನವಾಗಿ ತಿಂದು ಮುಗಿಸಿದರು. ಕ್ಷಮಿಸಿದೆ ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುವ ಹಾಗೆ ಇಬ್ಬರಿಗೂ ಇನ್ನೂ ಆಗಿಲ್ಲ.

ಇವತ್ತು ಬೆಳಿಗ್ಗೆ ನಾನು ಚೀಲ ಕಟ್ಟುತ್ತಿದ್ದಾಗ ಅವರು ಅಂಗಡಿಯಿಂದ ಬಂದು ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟರು. ಜಾಯಿಕಾಯಿ. "ಇದಿರಬೋದಾ?" ಅಂದರು. ಹಿತ್ತಲಲ್ಲಿ ಇನ್ನೊಂದು ಬುಟ್ಟಿಯಷ್ಟು ಹಣ್ಣು ಉಳಿದಿದೆ.

ಇವತ್ತಿನ ಬಸ್ಸು ಬಿಟ್ಟು ನಾನು ಶನಿವಾರದ ಬಸ್ಸಿಗೆ ಹೊರಡುತ್ತೇನೆ. ಅಲ್ಲಿಯವರೆಗೆ ಮಾಂಸದ ಸಾರು ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊಳ್ಳಿ.

ನಿಮ್ಮ
ಆರ್ಡಿತ್